ಜಹ್ರಿಯ ನಲವತ್ತು ಮಾರು

ಸರ್ಕಾರದ ಜಮೀನು ಅಳತೆಯ ತಂಡ ನಮ್ಮ ನದಿದಂಡೆಯ ಊರು ಮುವಾರ ಲಸಾನ್‌ಗೆ ಬಂದದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ಹೊರಡಬೇಕಾಗಿದ್ದದ್ದು ಬುಧವಾರ ಮಧ್ಯಾಹ್ನ ಮೂರಕ್ಕೆ. ಸೋಮವಾರ ಮೇಲ್ದಂಡೆಯ ಹತ್ತೊಂಬತ್ತು ಜಾಗಗಳ ಗಡಿ ಗೊತ್ತಾಯಿತು. ಮಂಗಳವಾರ ಮಸೀದಿಯಿಂದ ಹಳೆಯ ಮರದ ಮಿಲ್ಲಿನವರೆಗಿನ ಕೆಲಸ ಮುಗಿಯಿತು. ಬುಧವಾರಕ್ಕೆ ಉಳಿದದ್ದು ಒಂದೇ ಗಡಿ. ಅದು ನನ್ನ ಸೋದರತ್ತೆ ರುಸ್ನಾ ಮತ್ತು ಆಕೆಯ ನೆರೆಯ ಅಸ್ರಾನಿಯ ನಡುವಿನದು.

ಹಿಂದಿನ ವರ್ಷದವರೆಗೆ ಆ ಗಡಿ ಯಾರಿಗೂ ಬೇಕಾಗಿರಲಿಲ್ಲ. ನದಿ ವರ್ಷಕ್ಕೊಮ್ಮೆ ದಂಡೆಯನ್ನು ಮುಳುಗಿಸುತ್ತಿತ್ತು. ಜನ ವಾಸಿಸುತ್ತಿದ್ದದ್ದು ನೀರಿನ ಮೇಲಿನ ತೇಲುಮನೆಗಳಲ್ಲಿ. ದಂಡೆಯೆಂದರೆ ಮನೆಯ ಹಗ್ಗ ಕಟ್ಟುವುದಕ್ಕೆ, ಮೀನು ಒಣಗಿಸುವುದಕ್ಕೆ ಇರುವ ಜಾಗ. ಈಗ ಹನ್ನೊಂದು ಕಿಲೋಮೀಟರ್ ಆಚೆ ಹೆದ್ದಾರಿ ಬಂದಿತ್ತು. ಅಲ್ಲಿಂದ ನಮ್ಮ ಊರಿನ ಹೊಸ ದೋಣಿಕಟ್ಟೆಯವರೆಗೆ ಮೂರು ಮೀಟರ್ ಅಗಲದ ಕಾಂಕ್ರೀಟ್ ರಸ್ತೆ ಮಂಜೂರಾಗಿತ್ತು. ರಸ್ತೆಯ ಎರಡು ಅಂಚುಗಳಿಗೆ ಕೆಂಪು ಗೂಟಗಳನ್ನು ಮಂಗಳವಾರವೇ ನೆಟ್ಟಿದ್ದರು. ಆ ಗೂಟಗಳನ್ನು ನೋಡಲು ಆಚೆ ದಂಡೆಯಿಂದಲೂ ಜನ ಹುಟ್ಟು ಹಾಕಿಕೊಂಡು ಬಂದರು. ಒಬ್ಬಳು ಕಾಫಿಯಂಗಡಿ ಇಡುವುದಾಗಿ ಹೇಳಿದಳು, ಇನ್ನೊಬ್ಬ ಮೋಟಾರು ದುರಸ್ತಿಯ ಶೆಡ್ಡು ಹಾಕುವುದಾಗಿ ಹೇಳಿದ. ದಂಡೆಯ ಕೆಸರಿನಲ್ಲಿ ನಿಂತು, ಇನ್ನೂ ಇಲ್ಲದ ರಸ್ತೆಯನ್ನು ಜನ ಎರಡೂ ಕಡೆ ನೋಡಿ ದಾಟುತ್ತಿದ್ದರು.

ಅತ್ತೆಯ ಅವಸರಕ್ಕೆ ಬೇರೆ ಕಾರಣವಿತ್ತು. ಆಕೆಯ ತೇಲುಮನೆಯ ಅಡಿಯ ದಿಮ್ಮಿಗಳು ನೀರು ಕುಡಿದು, ಮನೆ ವರ್ಷಕ್ಕೆ ನಾಲ್ಕು ಬೆರಳಿನಷ್ಟು ಇಳಿಯುತ್ತಿತ್ತು. ಅಷ್ಟು ದಪ್ಪದ ಹೊಸ ದಿಮ್ಮಿಗಳು ಈಗ ಎಲ್ಲಿಯೂ ಸಿಗುವುದಿಲ್ಲ. ಅಡುಗೆಮನೆಯ ನೆಲ ಆಗಲೇ ತೇವವಾಗಿತ್ತು. ಆಕೆ ದೋಣಿಯವರಿಗೆ ಅರಿಶಿನದ ಅನ್ನ, ಸುಟ್ಟ ಮೀನು ಮಾರಿ ಬದುಕುವವಳು. ಮುಂದಿನ ನೆರೆಗೆ ಮೊದಲು ದಂಡೆಗೆ ಹತ್ತಬೇಕು. ಹತ್ತಿದ ಮೇಲೂ ಗಿರಾಕಿಗಳು ಬರಬೇಕೆಂದರೆ ಆಕೆಯ ಜಾಗ ರಸ್ತೆಯ ಅಂಚನ್ನು ಮುಟ್ಟಬೇಕು.

ಮುಟ್ಟುತ್ತದೆಯೇ ಎಂಬುದನ್ನು ಹೇಳಬೇಕಾಗಿದ್ದದ್ದು ಅರವತ್ತಾರು ವರ್ಷ ಹಳೆಯ ಒಂದು ಕಾಗದ. ಅತ್ತೆಯ ತಾತ ಜಹ್ರಿ ಆ ಜಾಗವನ್ನು ಅಸ್ರಾನಿಯ ತಾತನಿಂದ ಕೊಂಡದ್ದು. ತೊರೆಯ ಬಾಯಿಯಲ್ಲಿರುವ ಉಲಿನ್ ಮರದ ಕಂಬದಿಂದ ನದಿಯ ಕೆಳದಿಕ್ಕಿಗೆ ನಲವತ್ತು ಮಾರು, ಕೊಳ್ಳುವವನ ತೋಳಿನಲ್ಲಿ, ಎಂದು ಅದರಲ್ಲಿತ್ತು. ಅದರಾಚೆಯದು ಅಸ್ರಾನಿಯ ಮನೆಯವರದು. ನಮ್ಮಲ್ಲಿ ಆಗಿನ ಪದ್ಧತಿಯೇ ಅದು. ಕೊಳ್ಳುವವನು ಎರಡೂ ತೋಳು ಚಾಚಿ, ಬೆರಳತುದಿಯಿಂದ ಬೆರಳತುದಿಗೆ ಒಂದು ಮಾರಿನಂತೆ ಬೆತ್ತದ ಹಗ್ಗವನ್ನು ಅಳೆಯುತ್ತಿದ್ದ, ಮಾರುವವನು ಎಣಿಸುತ್ತಿದ್ದ. ಉಲಿನ್ ನೀರಿನಲ್ಲೂ ಕೊಳೆಯದ ಮರ, ಕಂಬ ಅಲ್ಲೇ ಇತ್ತು. ಆ ಬೆತ್ತ ಉಳಿದಿರಲಿಲ್ಲ. ಜಹ್ರಿ ತೀರಿಕೊಂಡು ನಲವತ್ತೈದು ವರ್ಷಗಳಾಗಿದ್ದವು.

ಸಮರಿಂದಾ ನಗರದಲ್ಲಿ ಅರಣ್ಯಶಾಸ್ತ್ರದ ಪದವಿ ಮುಗಿಸಿ ಬಂದಿದ್ದ ನನಗೆ ತಂಡದ ಟೇಪಿನ ಒಂದು ತುದಿ ಹಿಡಿಯುವ ಕೆಲಸ ಸಿಕ್ಕಿತ್ತು. ಬುಧವಾರ ಎಂಟು ಗಂಟೆಗೆ ಕಂಬದಿಂದ ಅಳೆದು ನೋಡಿದೆವು. ರಸ್ತೆಯ ಮೊದಲ ಅಂಚು ಅರವತ್ತಮೂರು ಮೀಟರ್ ತೊಂಬತ್ತು ಸೆಂಟಿಮೀಟರಿನಲ್ಲಿತ್ತು, ಎರಡನೆಯದು ಅರವತ್ತಾರು ತೊಂಬತ್ತರಲ್ಲಿ. ಇನ್ನು ಬೇಕಾಗಿದ್ದದ್ದು ಒಂದು ಜೊತೆ ತೋಳು.

ಅಸ್ರಾನಿ ತಾನೇ ಮುಂದೆ ಬಂದು ಅಳತೆಯ ಅಧಿಕಾರಿಯ ಎದುರು ತೋಳು ಚಾಚಿದ.

"ಅಳೆದ್ಕೊಳ್ಳಿ ಸಾರ್. ನಾನೇನು ಉದ್ದಾನೂ ಅಲ್ಲ, ಗಿಡ್ಡಾನೂ ಅಲ್ಲ. ನಡುವಿನ ಆಳು."

"ನಿನ್ನ ಮದ್ವೇಲಿ ನಿಂಗೆ ಅಂಗಿ ಹೊಲ್ಸಿ ಮಿಕ್ಕಿದ್ ಬಟ್ಟೇಲಿ ನಿನ್ನ ತಮ್ಮಂಗೂ ಒಂದಾಯ್ತು, ಮರ್ತ್ಯಾ?" ಎಂದಳು ಅತ್ತೆ.

ಅಸ್ರಾನಿಯ ಮಾರು ಒಂದು ಮೀಟರ್ ಐವತ್ತೆರಡು ಸೆಂಟಿಮೀಟರ್ ಬಂತು. ಆ ಲೆಕ್ಕದಲ್ಲಿ ಅತ್ತೆಯ ಜಾಗ ರಸ್ತೆಗೆ ಮೂರು ಮೀಟರ್ ಮೊದಲೇ ನಿಲ್ಲುತ್ತಿತ್ತು. ನಡುವಿನ ಪಟ್ಟಿ ಅಸ್ರಾನಿಗೆ ಹೋಗುತ್ತಿತ್ತು. ಅತ್ತೆ ಕೂಡಲೇ ದೋಣಿ ನಡೆಸುವ ಇದ್ರುಸ್‌ನನ್ನು ಕರೆಸಿದಳು. ಅವನು ನಮ್ಮ ಊರಿನ ಬಾಗಿಲುಗಳಲ್ಲೆಲ್ಲ ತಲೆ ತಗ್ಗಿಸಿ ನಡೆಯುವವನು. ಅವನ ಮಾರು ಒಂದು ಎಪ್ಪತ್ತೆಂಟು. ಆಗ ರಸ್ತೆ ಪೂರ್ತಿ ಅತ್ತೆಯ ಜಾಗದೊಳಗೇ ಬಂದು, ಅಸ್ರಾನಿ ನಾಲ್ಕು ಮೀಟರ್ ಆಚೆ ಉಳಿಯುತ್ತಿದ್ದ.

"ಇವ್ನು ಆಳಲ್ಲ ಅಕ್ಕಾ," ಎಂದ ಅಸ್ರಾನಿ, "ದೋಣಿ ತಳ್ಳೋ ಗಳ."

ನಕ್ಕವರಲ್ಲಿ ಇದ್ರುಸ್‌ನೇ ಮೊದಲಿಗ. ಅತ್ತೆ ಮಾತ್ರ ಬಿಡಲಿಲ್ಲ. ತಾತ ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತೆಂದು ಆಣೆಯಿಟ್ಟು ಹೇಳಿದಳು. ಅಳತೆಯ ಅಧಿಕಾರಿ ವಿನಾರ್ನೊ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು. ಇಬ್ಬರ ಸಹಿ ಬೀಳದೆ ಗಡಿಯಿಲ್ಲ, ಗಡಿಯಿಲ್ಲದೆ ಇಬ್ಬರಿಗೂ ಹಕ್ಕುಪತ್ರವಿಲ್ಲ, ತಂಡ ಮತ್ತೆ ಈ ನದಿಗೆ ಬರುವುದು ಎರಡು ವರ್ಷದ ಮೇಲೆ ಎಂದು ತಿಳಿಸಿ, ಗಡಿಯಾರ ನೋಡಿಕೊಂಡರು. ಹತ್ತು ಗಂಟೆ ದಾಟಿತ್ತು.

ಆಗ ಮಾತಾಡಿದವನು ದೋಣಿ ಕಟ್ಟುವ ಮುದುಕ ಕುರ್ದಿ. ಆ ಹೊತ್ತಿನವರೆಗೆ ಅವನು ದಂಡೆ ಹತ್ತುವ ಏಣಿಯ ಮೇಲೆ ಕೂತು ಹೊಗೆಸೊಪ್ಪು ಸುರುಳಿ ಸುತ್ತುತ್ತಿದ್ದ.

"ರುಸ್ನಾ, ನಿಮ್ಮ ತಾತ ಹೋದಾಗ ನಿಂಗೆ ಐದು ವರ್ಷ. ಆ ವಯಸ್ಸಲ್ಲಿ ಎಲ್ಲ ತಾತಂದಿರೂ ಉದ್ದಾನೇ. ಅವ್ನ ತೋಳು ಬೇಕಾದ್ರೆ ಅವ್ನ ದೋಣೀನ ಕೇಳ್ರಿ. ಕಟ್ಟಿದ್ದು ನಮ್ಮಪ್ಪ."

ಇದು ನಮಗೆಲ್ಲರಿಗೂ ಗೊತ್ತಿದ್ದೂ ಯಾರಿಗೂ ಹೊಳೆಯದಿದ್ದ ಸಂಗತಿ. ನಮ್ಮ ನದಿಯಲ್ಲಿ ದೋಣಿಯೊಳಗೆ ಅಡ್ಡಕ್ಕೆ ಬಿಗಿಯುವ ಮರದ ಪಕ್ಕೆಗಳನ್ನು ಒಡೆಯನ ಮಾರಿಗೊಂದರಂತೆ ಕೂರಿಸುತ್ತಾರೆ, ಅವನು ಎಲ್ಲಿ ಕೂತರೂ ಒಂದಾದರೂ ಪಕ್ಕೆ ಕೈಗೆ ಸಿಗಲಿ ಎಂದು. ಜಹ್ರಿಯ ದೋಣಿಗೆ ಐದು ಪಕ್ಕೆ, ಅಂದರೆ ನಡುವೆ ನಾಲ್ಕು ಮಾರು. ಆ ದೋಣಿ ಎಲ್ಲಿದೆ ಎಂಬುದೂ ಊರಿಗೇ ಗೊತ್ತಿತ್ತು. ನನ್ನ ಅಜ್ಜ ಅದನ್ನು ಅಸ್ರಾನಿಯ ಅಪ್ಪನಿಗೆ ತಗಡಿನ ಹಾಳೆಗಳಿಗೆ ಬದಲಾಗಿ ಕೊಟ್ಟಿದ್ದ. ಈಗ ಅದು ಅಸ್ರಾನಿಯ ಮನೆಯ ಹಿಂದೆ ಗಳುಗಳ ಮೇಲೆ, ನೆರೆ ಮುಟ್ಟದ ಎತ್ತರದಲ್ಲಿ ಕೂತಿತ್ತು. ಅದರ ತುಂಬ ಮಣ್ಣು, ಮಣ್ಣಿನ ತುಂಬ ಅವನ ಹೆಂಡತಿ ಮುರ್ಜಾನಾ ಬೆಳೆಸಿದ ಈರುಳ್ಳಿ ಸೊಪ್ಪು.

ಎಲ್ಲರೂ ಒಮ್ಮೆಗೇ ಹೊರಟೆವು. ಹಲಗೆದಾರಿ ನಮ್ಮ ಭಾರಕ್ಕೆ ಕುಣಿಯುತ್ತಿತ್ತು. ಅಸ್ರಾನಿ ಮಾತ್ರ ಹಿಂದೆ ಉಳಿದು, ಪಾತಿಯಾಗಿರುವ ದೋಣಿಯನ್ನು ಸಾಕ್ಷಿಯೆಂದು ಒಪ್ಪಬಹುದೇ ಎಂದು ಅಧಿಕಾರಿಯನ್ನು ವಿಚಾರಿಸತೊಡಗಿದ. ತೀರ್ಮಾನ ಕೊಟ್ಟವಳು ಮುರ್ಜಾನಾ. ಕುಡುಗೋಲು ಹಿಡಿದು ದೋಣಿಯ ಮುಂದೆ ನಿಂತಿದ್ದಳು.

"ಸೊಪ್ಪು ನಾನೇ ಕೀಳ್ತೀನಿ, ಬೇರೆ ಯಾರೂ ಮುಟ್ಬೇಡಿ. ಆಮೇಲೆ ಬಂದಿದ್ದು ಬಂದಂಗೆ ಒಪ್ಕೋಬೇಕು. ರುಸ್ನಕ್ಕಾ, ನೀನೂ."

"ಒಪ್ದೆ," ಎಂದಳು ಅತ್ತೆ. ಆಕೆಯ ದನಿ ಸಣ್ಣಗಾಗಿತ್ತು.

ಅಸ್ರಾನಿ ಹೆಂಡತಿಯ ಮುಖ ನೋಡಿ ತಾನೂ ಒಪ್ಪಿದ.

ಸೊಪ್ಪು ಕಿತ್ತು, ಮಣ್ಣು ತೋಡಿ, ಬಕೆಟ್ಟುಗಟ್ಟಲೆ ನೀರು ಹೊಯ್ದು ಉಜ್ಜುವಷ್ಟರಲ್ಲಿ ಹನ್ನೆರಡಾಯಿತು. ಮಣ್ಣಿನ ಕೆಳಗೆ ಉಲಿನ್ ಮರ ಕಪ್ಪಗೆ, ಗಟ್ಟಿಯಾಗಿತ್ತು. ತಡೆಯಲಾರದೆ ಇದ್ರುಸ್ ಮೂತಿಯಿಂದ ಹಿಂತುದಿಯವರೆಗೆ ಟೇಪು ಎಳೆದುಬಿಟ್ಟ. ಏಳು ಮೀಟರ್ ಅರವತ್ತು. ನಾಲ್ಕರಿಂದ ಭಾಗಿಸಿದರೆ ಮಾರಿಗೆ ಒಂದು ತೊಂಬತ್ತು. ಅತ್ತೆಯ ಕಡೆಯವರು ಕೇಕೆ ಹಾಕಿದರು.

"ಮೂಗು ಬಾಲ ಸೇರ್ಸಿ ಅಳೆಯೋದು ಮೀನನ್ನ," ಎಂದ ಕುರ್ದಿ. "ಪಕ್ಕೆಯಿಂದ ಪಕ್ಕೆಗೆ ಹಿಡಿ."

ಪಕ್ಕೆಗಳಲ್ಲಿ ಮೂರು ಉಳಿದಿದ್ದವು. ಮೊದಲನೆಯದೂ ನಡುವಿನದೂ ಕಳಚಿಹೋಗಿದ್ದವು, ಆದರೆ ಅವುಗಳ ಬೆಣೆಯ ತೂತುಗಳು ತಳದಲ್ಲಿ ಸ್ಪಷ್ಟವಾಗಿದ್ದವು. ಇಷ್ಟು ವರ್ಷಗಳಲ್ಲಿ ಮರ ಕುಗ್ಗಿರುವುದಿಲ್ಲವೇ ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದಳು. ಮರ ಕುಗ್ಗುವುದು ಅಡ್ಡಕ್ಕೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎಂದೆ. ಆಕೆ ನಿರಾಸೆಯಿಂದ ತಲೆಯಾಡಿಸಿದಳು. ನಲವತ್ತು ಮಾರೆಂದರೆ ಈ ನಾಲ್ಕರ ಹತ್ತು ಪಟ್ಟು. ಆದ್ದರಿಂದ ನಾನು ಅಂಗೈಯಲ್ಲಿ ಎರಡೇ ಸಂಖ್ಯೆ ಬರೆದುಕೊಂಡೆ. ಆರು ಮೀಟರ್ ಮೂವತ್ತೊಂಬತ್ತು ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅತ್ತೆಗೆ ರಸ್ತೆಯಿಲ್ಲ. ಆರು ಅರವತ್ತೊಂಬತ್ತಕ್ಕಿಂತ ಹೆಚ್ಚು ಬಂದರೆ ಅಸ್ರಾನಿಗಿಲ್ಲ.

ಟೇಪಿನ ಒಂದು ತುದಿಯನ್ನು ವಿನಾರ್ನೊ ಮೊದಲ ತೂತಿನ ನಡುವಿಗೆ ಹಿಡಿದರು. ಇನ್ನೊಂದನ್ನು ನಾನು ಕೊನೆಯ ಪಕ್ಕೆಯ ಬೆಣೆಗೆ ಎಳೆದೆ. ಅತ್ತೆ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾನು ಓದಿದೆ. ವಿನಾರ್ನೊ ಈ ಕಡೆಗೆ ಬಂದು ತಾವೇ ಓದಿದರು. ತುದಿಗಳನ್ನು ಅದಲುಬದಲು ಮಾಡಿ ಇನ್ನೆರಡು ಸಲ ಹಿಡಿದೆವು. ಮೂರು ಸಲವೂ ಬಂದದ್ದು ಒಂದೇ ಸಂಖ್ಯೆ: ಆರು ಮೀಟರ್ ನಲವತ್ತಾರು.

"ಮುಟ್ತಾ?" ಅತ್ತೆ ಕೇಳಿದಳು.

"ಮುಟ್ತು ಅತ್ತೆ."

"ನಂಗೆ?" ಎಂದ ಅಸ್ರಾನಿ.

"ನಿಮ್ಗೂ."

ಅಸ್ರಾನಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ಅತ್ತೆ ಆಗಲೇ ಹಲಗೆದಾರಿಯ ಮೇಲೆ ಓಡುತ್ತಿದ್ದಳು. ಅರವತ್ತನಾಲ್ಕು ಮೀಟರ್ ಅರವತ್ತು ಸೆಂಟಿಮೀಟರಿಗೆ ಟೇಪು ಎಳೆಯುವಾಗ ತಾನೇ ತುದಿ ಹಿಡಿದಳು, ಕೆಂಪು ಗೂಟ ದಾಟಿ ಮುಕ್ಕಾಲು ಹೆಜ್ಜೆ ಆಚೆ ನಿಂತಳು. ಅಸ್ರಾನಿ ಎದುರು ಅಂಚಿಗೆ ಹೋಗಿ ನಿಂತ. ಅತ್ತೆ ಮೀನು ಸುಟ್ಟರೆ ಹೊಗೆ ತನ್ನ ಕಡೆ ಬರುತ್ತದೆಂದು ಅಲ್ಲಿಂದಲೇ ಜಗಳ ತೆಗೆದ. ಹೊಗೆಗೂ ಹಕ್ಕುಪತ್ರ ಮಾಡಿಸಿಕೋ ಎಂದಳು ಅತ್ತೆ. ಎರಡು ಗಂಟೆ ಹತ್ತು ನಿಮಿಷಕ್ಕೆ ಇಬ್ಬರೂ ಸಹಿ ಹಾಕಿದರು. ವಿನಾರ್ನೊ ಹೇಳಿದಂತೆ ಗಡಿಯ ಪುಸ್ತಕದಲ್ಲಿ ನಾನು ಹೀಗೆ ಬರೆದೆ:

ದೋಣಿಯ ಪಕ್ಕೆಗಳ ಪ್ರಕಾರ ಜಹ್ರಿಯ ಒಂದು ಮಾರು ನೂರ ಅರವತ್ತೊಂದೂವರೆ ಸೆಂಟಿಮೀಟರ್. ನಲವತ್ತು ಮಾರು ಅರವತ್ತನಾಲ್ಕು ಮೀಟರ್ ಅರವತ್ತು ಸೆಂಟಿಮೀಟರ್, ತಪ್ಪು ಹತ್ತು ಸೆಂಟಿಮೀಟರಿನೊಳಗೆ. ಗಡಿ ರಸ್ತೆಯ ಅಗಲದೊಳಗೆ ಬೀಳುತ್ತದೆ. ಮೇಲಂಚು ರುಸ್ನಾಳ ಜಾಗವನ್ನೂ ಕೆಳಂಚು ಅಸ್ರಾನಿಯ ಜಾಗವನ್ನೂ ಮುಟ್ಟುತ್ತದೆ.