ಕಾಲು ಬಡಿಯುವುದು ನಿಂತಾಗ

ಫಿನ್ಲೆಂಡಿನ ಹಾಪಾಲಹ್ತಿ ಊರಿನಲ್ಲಿ ಯಾರ ಮನೆಗೆ ಹೋದರೂ ಬಾಗಿಲ ಪಕ್ಕ ಒಂದು ಜೊತೆ ಹಳೆಯ ಚಳಿಗಾಲದ ಬೂಟು ಬಿದ್ದಿರುತ್ತದೆ. ಹಾಕಿಕೊಳ್ಳುವವರಿಲ್ಲ, ಬೂಟು ಮಾತ್ರ ಗಟ್ಟಿಮುಟ್ಟಾಗಿದೆ. ಎಸೆಯಲು ಮನಸ್ಸು ಬರುವುದಿಲ್ಲ. ಮನೆಗೆ ಹೊಸಬರು ಬಂದರೆ ಅವರಿಗೆ ಮೊದಲು ಸಿಗುವುದು ಅದೇ.

ತೂಲಿಯ ಗಂಡ ಎಬೊಗೂ ಅದೇ ಸಿಕ್ಕಿತು. ಎಬೊ ಘಾನಾದ ಕಡಲ ದಂಡೆಯವನು, ಮೀನುಗಾರರ ಮನೆಯ ಮಗ. ಫಿನ್ಲೆಂಡಿಗೆ ಬಂದದ್ದು ಆಗಸ್ಟಿನಲ್ಲಿ. ಮೊದಲ ಹಿಮ ಬಿದ್ದ ದಿನ ತೂಲಿ ತನ್ನ ತಮ್ಮನ ಹಳೆಯ ಬೂಟು ತಂದು ಮುಂದಿಟ್ಟಳು. ಎಬೊ ಹಾಕಿಕೊಂಡು ಎರಡು ಹೆಜ್ಜೆ ನಡೆದ.

"ಚೆನ್ನಾಗಿದೆ" ಎಂದ.

ಅವನು ಎಲ್ಲದಕ್ಕೂ ಹಾಗೆಯೇ ಹೇಳುತ್ತಿದ್ದ. ಊಟ ಚೆನ್ನಾಗಿದೆ, ಹಿಮ ಚೆನ್ನಾಗಿದೆ. ನವೆಂಬರಿನಲ್ಲಿ ಸೂರ್ಯ ಮುಖ ಮರೆಸಿಕೊಂಡ ಮೇಲೆ ಅವನು ಹತ್ತು ಗಂಟೆಯವರೆಗೆ ಮಲಗತೊಡಗಿದ, ಊಟ ಅರ್ಧಕ್ಕೆ ಬಿಡತೊಡಗಿದ. ತೂಲಿ ಅದನ್ನು ಗಮನಿಸಿದ್ದಳು. ಕೇಳಿರಲಿಲ್ಲ. ಚೆನ್ನಾಗಿದೆ ಎಂದವನನ್ನು ಮತ್ತೊಮ್ಮೆ ಕೇಳುವುದೆಂದರೆ ಅವನ ಮಾತನ್ನು ನಂಬದಿದ್ದಂತೆ. ಅವಳು ಬೆಳೆದ ಮನೆಯ ರೀತಿ ಅದು.

ಜನವರಿಯ ಆ ಶನಿವಾರ ಹೊರಗೆ ಮೈನಸ್ ಇಪ್ಪತ್ನಾಲ್ಕು ಡಿಗ್ರಿ ಇತ್ತು. ಬೆಳಿಗ್ಗೆ ಹತ್ತಕ್ಕೆ ತೂಲಿಯ ಅಪ್ಪ ತೌನೊ ಅಂಗಳದಾಚೆಯ ತಮ್ಮ ಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಹೆಪ್ಪುಗಟ್ಟಿದ ಸರೋವರದಲ್ಲಿ ಮೀನು ಹಿಡಿಯಲು ಮಂಜುಗಡ್ಡೆ ಕೊರೆಯುವ ಬೈರಿಗೆ ಇತ್ತು.

"ಏನಪ್ಪಾ ಸಮುದ್ರದವನೇ, ನಮ್ಮ ಮೀನಿಗೂ ಒಂದು ಸಲ ಮುಖ ತೋರಿಸ್ತೀಯಾ?"

"ಬಂದೆ, ಅಪ್ಪ."

ಈ ಊರಿನಲ್ಲಿ ಎಲ್ಲರೂ ಮಾವನನ್ನು ಹೆಸರು ಹಿಡಿದೇ ಕರೆಯುತ್ತಾರೆ. ಎಬೊಗೆ ಅದು ಬಾಯಿಗೇ ಬರಲಿಲ್ಲ. ಹೆಂಡತಿಯ ತಂದೆಯ ಹೆಸರು ಹೇಳುವುದಿರಲಿ, ಅವರು ಕೂತಿರುವಾಗ ತಾನು ಮೊದಲು ಎದ್ದು ಹೋಗುವುದೂ ತನ್ನೂರಿನಲ್ಲಿ ಇಲ್ಲ ಎಂದು ಅವನು ಒಮ್ಮೆ ಹೇಳಿದ್ದ. ತೂಲಿ ನಕ್ಕು ಮರೆತಿದ್ದಳು.

ಅಂದು ಎಬೊ ಮೂರು ಜೊತೆ ಹತ್ತಿ ಕಾಲುಚೀಲ ಹಾಕಿಕೊಂಡ. ಬೂಟಿನೊಳಗೆ ಪಾದ ತೂರಿಸಲು ಗೋಡೆ ಹಿಡಿದು ಒದ್ದಾಡಿದ. ತೂಲಿ ಅದನ್ನೂ ನೋಡಿದಳು. ಮೂರು ಜೊತೆ ಹಾಕಿಕೊಂಡಿದ್ದಾನಲ್ಲ, ಬೆಚ್ಚಗಿರುತ್ತಾನೆ ಎಂದುಕೊಂಡಳು.

ಅಡುಗೆಮನೆಯ ಕಿಟಕಿಯಿಂದ ಸರೋವರ ಕಾಣುತ್ತಿತ್ತು. ಮಂಜುಗಡ್ಡೆಯ ಮೇಲೆ ಎರಡು ಕಪ್ಪು ಆಕೃತಿಗಳು, ಎರಡು ಮಣೆ, ಎರಡು ತೂತು. ಹನ್ನೊಂದಕ್ಕೆ ನೋಡಿದಾಗ ಎಬೊ ಕೂತಲ್ಲೇ ಕಾಲು ಬಡಿಯುತ್ತಿದ್ದ. ಹನ್ನೆರಡಕ್ಕೂ ಬಡಿಯುತ್ತಿದ್ದ. ತೂಲಿ ರೊಟ್ಟಿಗೆ ರೈ ಧಾನ್ಯದ ಹಿಟ್ಟು ನಾದಿದಳು, ಕೈ ಒರೆಸಿಕೊಂಡು ಮತ್ತೆ ಕಿಟಕಿಗೆ ಬಂದಳು. ಒಂದೂವರೆ ಗಂಟೆ. ಎಬೊ ಕಾಲು ಬಡಿಯುತ್ತಿರಲಿಲ್ಲ.

ಅಪ್ಪನನ್ನು ಕರೆಯಲೆಂದು ತೂಲಿ ಫೋನ್ ಕೈಗೆತ್ತಿಕೊಂಡಳು. ಅಪ್ಪ ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು: ಅಳಿಯನನ್ನ ಕಳಿಸಿದ್ದೀಯೋ, ಹಾಲು ಕುಡಿಯೋ ಮಗೂನೋ? ಫೋನ್ ಕೆಳಗಿಟ್ಟಳು.

ಎರಡು ಗಂಟೆಗೆ ಕೆರ್ತು ಬಂದರು. ಊರಿನ ಆರೋಗ್ಯ ಕೇಂದ್ರದಲ್ಲಿ ಮೂವತ್ತು ವರ್ಷದಿಂದ ದಾದಿಯಾಗಿರುವ ಹೆಂಗಸು. ಪ್ರತಿ ಶನಿವಾರ ಟವೆಲ್ ಹಿಡಿದುಕೊಂಡು ಇವರ ಮನೆಯ ಸೌನಾಕ್ಕೆ ಬರುತ್ತಾರೆ. ಹಬೆಯಲ್ಲಿ ಕೂತು ಬೆವರುವ ಆ ಕೋಣೆಗೆ ತೂಲಿ ಆಗಲೇ ಒಲೆ ಹಚ್ಚಿದ್ದಳು.

"ಗಂಡಸರೆಲ್ಲಿ?"

"ಮೀನಿಗೆ ಹೋಗಿದ್ದಾರೆ."

"ಈ ಚಳಿಯಲ್ಲಾ? ಯಾವಾಗ ಹೋದದ್ದು?"

"ಹತ್ತಕ್ಕೆ. ಎಬೊ ಪರವಾಗಿಲ್ಲ, ಒಗ್ಗಿಕೊಂಡಿದ್ದಾನೆ" ಎಂದಳು ತೂಲಿ. ತನ್ನ ದನಿ ತನಗೇ ಹಿಡಿಸಲಿಲ್ಲ. "ಮೊದಲು ಕಾಲು ಬಡೀತಾ ಇದ್ದ. ಈಗ ಬಡೀತಾ ಇಲ್ಲ."

ಕೆರ್ತು ಕಾಫಿ ಲೋಟ ಕೆಳಗಿಟ್ಟರು.

"ಎಷ್ಟು ಹೊತ್ತಾಯ್ತು ನಿಲ್ಲಿಸಿ?"

"ಅರ್ಧ ಗಂಟೆ. ಇನ್ನೂ ಮುಂಚೆಯೇ ಇರಬಹುದು."

"ಅದು ಒಗ್ಗಿಕೊಂಡದ್ದಲ್ಲ, ತೂಲಿ. ಮರಗಟ್ಟಿದ್ದು. ಕೋಟು ಹಾಕ್ಕೋ, ಜಾರುಗಾಡಿ ತಗೋ. ಅವನನ್ನ ನಡೆಸೋದು ಬೇಡ."

ಇಬ್ಬರೂ ಮಂಜಿನ ಮೇಲೆ ಬರುವುದನ್ನು ಕಂಡು ಎಬೊ ಕೈ ಬೀಸಿದ. ನಗುತ್ತಿದ್ದ. ಅವನ ಪಕ್ಕದಲ್ಲಿ ಏಳು ಸಣ್ಣ ಮೀನು ಹೆಪ್ಪುಗಟ್ಟಿ ಬಿದ್ದಿದ್ದವು.

"ಎಬೊ, ಕಾಲ್ಬೆರಳು ಆಡಿಸು" ಎಂದರು ಕೆರ್ತು.

"ಆಡಿಸ್ತಾ ಇದ್ದೀನಿ."

"ಆಡ್ತಾ ಇರೋದು ಗೊತ್ತಾಗ್ತಾ ಇದೆಯಾ?"

ಎಬೊ ತನ್ನ ಬೂಟು ನೋಡಿದ. ಆಮೇಲೆ ಮಾವನ ಮುಖ ನೋಡಿದ. "ನೋವಿತ್ತು. ಈಗಿಲ್ಲ. ಚೆನ್ನಾಗಿದೆ."

"ಕೇಳಿದೆಯಲ್ಲ, ನೋವಿಲ್ಲವಂತೆ" ಎಂದರು ತೌನೊ. "ಇನ್ನೇನು ಸೌನಾ ಕಾದಿದೆ. ಮೇಲಿನ ಹಲಗೆ ಮೇಲೆ ಹತ್ತು ನಿಮಿಷ ಕೂತರೆ ಎದ್ದು ಕುಣೀತಾನೆ."

ಕೆರ್ತು ಎಬೊನನ್ನು ಜಾರುಗಾಡಿಯ ಮೇಲೆ ಕೂರಿಸಿ ತಾವೇ ತಳ್ಳಿಕೊಂಡು ಹೊರಟರು.

ಸೌನಾದ ಹೊರಕೋಣೆಯಲ್ಲಿ ಬೂಟು ಬಿಚ್ಚಲು ಇಬ್ಬರು ಬೇಕಾಯಿತು. ಎಡಗಾಲಿನ ಹತ್ತಿ ಚೀಲ ಬೆವರಿಗೆ ನೆಂದು, ತುದಿಯಲ್ಲಿ ಗಟ್ಟಿಯಾಗಿತ್ತು. ಅದನ್ನು ಮೆಲ್ಲಗೆ ಸುರುಳಿ ಬಿಡಿಸಿ ತೆಗೆದಾಗ ಕಡೆಯ ಮೂರು ಬೆರಳು ಕಂಡವು. ತೌನೊ ಬಗ್ಗಿ ನೋಡಿದರು.

"ಬೆಳ್ಳಗಾಗಿಲ್ಲವಲ್ಲ. ಚಳಿ ಹೊಡೆದರೆ ಬೆಳ್ಳಗಾಗುತ್ತೆ, ನನಗೆ ಗೊತ್ತಿಲ್ಲವಾ?"

"ನಿನ್ನ ಚರ್ಮದಲ್ಲಿ ಬೆಳ್ಳಗಾಗುತ್ತೆ, ತೌನೊ. ಇವನ ಚರ್ಮದಲ್ಲಿ ಬೂದಿ ಬಣ್ಣ. ಉಳಿದ ಬೆರಳಿನ ಜೊತೆ ಹೋಲಿಸಿ ನೋಡು."

ತೂಲಿ ನೋಡಿದಳು. ಎರಡು ಬೆರಳು ಹೊಳೆಯುವ ಕಂದು. ಮೂರು ಬೆರಳು ಆರಿದ ಒಲೆಯ ಬೂದಿ. ಕೆರ್ತು ಬೆರಳ ತುದಿಯಿಂದ ಹಗುರಾಗಿ ಮುಟ್ಟಿದರು. ಮೇಣದಂತೆ ಗಟ್ಟಿ. ಎಬೊ ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದ.

ತೌನೊ ಹೊರಗೆ ಹೋಗಿ ಎರಡು ಬೊಗಸೆ ಹಿಮ ತಂದರು. "ತಿಕ್ಕಬೇಕು. ನಮ್ಮಪ್ಪ ನನ್ನ ಕೆನ್ನೆಗೆ ತಿಕ್ಕುತ್ತಿದ್ದರು. ಕೆನ್ನೆ ಇನ್ನೂ ಇದೆಯಲ್ಲ?"

"ಅದು ನಿನ್ನ ಅದೃಷ್ಟ. ಒಳಗೆ ಗಾಜಿನ ಚೂರಿನ ಹಾಗೆ ಮಂಜು ಕಟ್ಟಿದೆ. ತಿಕ್ಕಿದರೆ ಆ ಚೂರು ಮಾಂಸ ಕೊಯ್ಯುತ್ತೆ. ಹಿಮ ಆಚೆ ಹಾಕು."

"ಹಾಗಾದ್ರೆ ಸೌನಾ."

"ಒಳಗೆ ಎಷ್ಟು ಬಿಸಿ ಇದೆ ಈಗ?"

"ಎಪ್ಪತ್ತು."

"ಅವನಿಗೆ ಕಾಲಿನ ಅರಿವೇ ಇಲ್ಲ. ಬೆಂದರೂ ಗೊತ್ತಾಗಲ್ಲ, ಚೆನ್ನಾಗಿದೆ ಅಂತಾನೇ ಇರ್ತಾನೆ. ತೌನೊ, ಇದು ನಿನ್ನ ಅಳಿಯನ ಕಾಲು. ನನ್ನ ಮಾತು ಕೇಳು."

ತೌನೊ ಹಿಮವನ್ನು ಬಾಗಿಲಾಚೆ ಸುರಿದು, ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಂಡು ನಿಂತರು.

ಕೆರ್ತು ಆಸ್ಪತ್ರೆಗೆ ಫೋನ್ ಮಾಡಿದರು. ಅದು ತೊಂಬತ್ತು ಕಿಲೋಮೀಟರ್ ದೂರ. ಈಗಲೇ ಕಾಲನ್ನು ಬೆಚ್ಚಗೆ ಮಾಡಿ, ದಾರಿಯಲ್ಲಿ ಮತ್ತೆ ತಣ್ಣಗಾಗಲು ಬಿಡದೆ ಕರೆತನ್ನಿ ಎಂದರು ಡಾಕ್ಟರು.

"ಟಬ್ಬು, ಬಿಸಿನೀರು, ಥರ್ಮಾಮೀಟರು" ಎಂದರು ಕೆರ್ತು. "ಮೂವತ್ತೆಂಟು ಡಿಗ್ರಿ. ಮಗುವಿನ ಸ್ನಾನದ ನೀರಿನ ಹಾಗೆ. ಆರಿದಂತೆಲ್ಲ ಬಿಸಿ ಬೆರೆಸಬೇಕು, ಕಾಲಿನ ಮೇಲೆ ಹುಯ್ಯಬಾರದು."

ತೂಲಿ ಥರ್ಮಾಮೀಟರನ್ನು ನೀರಿನಲ್ಲೇ ಹಿಡಿದು ಕೂತಳು. ಮೂವತ್ತೇಳು. ಬಿಸಿ ಬೆರೆಸು. ಮೂವತ್ತೆಂಟು. ಹತ್ತು ನಿಮಿಷ ಏನೂ ಆಗಲಿಲ್ಲ. ಹದಿನೈದನೆಯ ನಿಮಿಷದಲ್ಲಿ ಎಬೊ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದ. ಆಮೇಲೆ ಅವನ ಗಂಟಲಿನಿಂದ ತೂಲಿ ಇದುವರೆಗೆ ಕೇಳದ ಸದ್ದು ಬಂತು. ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆದ. ಕಣ್ಣೀರು ಗಡ್ಡದವರೆಗೆ ಇಳಿಯಿತು.

"ಕಾಲು ಹೊರಗೆ ತೆಗೀಲಾ?" ಎಂದಳು ತೂಲಿ.

"ಬೇಡ. ನೋವು ಬಂತು ಅಂದ್ರೆ ಬೆರಳಿಗೆ ರಕ್ತ ವಾಪಸ್ ಬಂತು. ಎಬೊ, ಈ ಮಾತ್ರೆ ನುಂಗು. ಜೋರಾಗಿ ಕೂಗು. ಇಲ್ಲಿ ಯಾರೂ ನಗಲ್ಲ."

ನೋವು ಚೂರು ತಗ್ಗಿದಾಗ ತೂಲಿ ಕೇಳಿದಳು. ಬಾಯಿಗೆ ಬಂದದ್ದು ಸಿಟ್ಟು. "ಯಾಕೆ ಹೇಳಲಿಲ್ಲ ನೀನು? ಎದ್ದು ಬರೋದಕ್ಕೆ ಏನಾಗಿತ್ತು?"

"ಹೇಗೆ ಬರಲಿ?" ಎಂದ ಎಬೊ. "ಅಪ್ಪ ಕೂತಿದ್ದರು."

ತೌನೊ ಗೋಡೆ ನೋಡುತ್ತಾ ಹೇಳಿದರು:

"ನಾನು ಇವನು ಎದ್ದಾನು ಅಂತ ಕೂತಿದ್ದೆ. ಹನ್ನೆರಡು ಗಂಟೆಯಿಂದ ಸೊಂಟ ಸೆಟೆದುಹೋಗಿತ್ತು. ಸಮುದ್ರದಲ್ಲಿ ಮೀನು ಹಿಡಿದವನು, ಇವನಿಗಿಂತ ಮುಂಚೆ ನಾನು ಹೇಗೆ ಸಾಕು ಅನ್ನಲಿ?"

"ನಾನು ಕಿಟಕೀಲಿ ನಿಂತು ನೋಡ್ತಾ ಇದ್ದೆ" ಎಂದಳು ತೂಲಿ. "ಫೋನ್ ಕೈಯಲ್ಲೇ ಇತ್ತು."

"ಮೂರು ಜನ" ಎಂದರು ಕೆರ್ತು. "ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ. ಮೂರು ಬೆರಳು ಹೋಗೋದರಲ್ಲಿದೆ."

ಅವರು ಬೂಟನ್ನು ಎತ್ತಿ ಒಳಗೆ ಕೈ ಹಾಕಿದರು. "ಇದು ಎಷ್ಟನೇ ಅಳತೆ? ನಿನ್ನ ಕಾಲೆಷ್ಟು? ಎರಡು ಅಳತೆ ಚಿಕ್ಕದು ಹಾಕ್ಕೊಂಡು ಮೂರು ಚೀಲ ತುರುಕಿದರೆ ರಕ್ತ ಬೆರಳ ತುದಿಗೆ ಇಳಿಯೋದು ಹೇಗೆ? ಹತ್ತಿ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತೆ. ಉಣ್ಣೆ ಬೇಕು, ಒಂದೇ ಜೊತೆ ದಪ್ಪದ್ದು. ಬೂಟಿನೊಳಗೆ ಬೆರಳು ಆಡಬೇಕು. ಇನ್ನೊಂದು ಮಾತು, ತೌನೊ. ಬಿಸಿ ನಾಡಿನಲ್ಲಿ ಬೆಳೆದವರ ಬೆರಳಿಗೆ ಚಳಿ ನಮಗಿಂತ ಬೇಗ ಹಿಡಿಯಬಹುದು. ಅದು ಸೋಮಾರಿತನ ಅಲ್ಲ, ಹೆದರಿಕೆಯೂ ಅಲ್ಲ. ಮೈಯ ಗುಣ."

ಬೆರಳುಗಳ ನಡುವೆ ಒಣ ಬಟ್ಟೆ ಇಟ್ಟು, ಕಾಲನ್ನು ಕಂಬಳಿಯಲ್ಲಿ ಸುತ್ತಿ, ಮೊದಲೇ ಬೆಚ್ಚಗೆ ಮಾಡಿದ್ದ ಕಾರಿಗೆ ಅವನನ್ನು ಸಾಗಿಸಿದರು. ಕಾಲು ನೆಲಕ್ಕೆ ಸೋಕಬಾರದು ಎಂದಿದ್ದರು ಕೆರ್ತು. ಎಪ್ಪತ್ತೊಂದು ವರ್ಷದ ತೌನೊ ಅಳಿಯನನ್ನು ಬೆನ್ನ ಮೇಲೆ ಹೊತ್ತು ಅಂಗಳ ದಾಟಿದರು.

ಬೆರಳುಗಳು ಉಳಿಯುತ್ತವೋ ಇಲ್ಲವೋ ಈಗಲೇ ಹೇಳಲಾಗದು, ವಾರಗಟ್ಟಲೆ ಕಾಯಬೇಕು ಎಂದರು ಡಾಕ್ಟರು. ಆ ವಾರಗಳನ್ನು ತೂಲಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿ ಮೂರೂ ಬೆರಳಿನ ಬಣ್ಣ ನೋಡುತ್ತಿದ್ದಳು. ಬೊಬ್ಬೆ ಎದ್ದವು, ಒಣಗಿದವು. ಕಿರುಬೆರಳ ತುದಿ ಕಪ್ಪಾಗುತ್ತಾ ಹೋಯಿತು. ಕಡೆಗೆ ಆ ತುದಿ ಹೋಯಿತು, ಉಳಿದೆರಡು ಬೆರಳು ಬದುಕಿದವು.

ಪಟ್ಟಿ ಕಟ್ಟುತ್ತಾ ಅವಳು ಎಲ್ಲವನ್ನೂ ಕೇಳತೊಡಗಿದಳು. ಹತ್ತು ಗಂಟೆಯವರೆಗೆ ಮಲಗುವುದು ಯಾಕೆ ಎಂದು ಕೇಳಿದಳು. "ಎದ್ದರೂ ಕತ್ತಲೆಯೇ. ಯಾವುದಕ್ಕೆ ಏಳಲಿ ಅನ್ನಿಸುತ್ತೆ" ಎಂದ ಎಬೊ. ಕೆರ್ತು ಹೇಳಿದಂತೆ ಬೆಳಗಿನ ಕಾಫಿ ಮೇಜಿನ ಮೇಲೆ ಪ್ರಖರ ದೀಪ ಬಂತು, ವಿಟಮಿನ್ ಡಿ ಬಂತು. ಮಧ್ಯಾಹ್ನ ಇರುವ ಅಷ್ಟಿಷ್ಟು ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು, ಕಾಲು ವಾಸಿಯಾದ ಮೇಲೆ ಹೊರಗೆ ಕರೆದೊಯ್ದಳು. ವಾರಕ್ಕೊಮ್ಮೆ ಎಬೊ ಮೆಣಸಿನಕಾಯಿ ಅರೆದು ಮೀನಿನ ಸಾರು ಮಾಡಿದ. ತೌನೊ ಮೂಗು ಒರೆಸಿಕೊಳ್ಳುತ್ತಲೇ ಎರಡು ಬಟ್ಟಲು ಕುಡಿದು, ಇದರ ಮುಂದೆ ಸೌನಾ ಏನೂ ಅಲ್ಲ ಎಂದರು.

ಮಾರ್ಚ್ ಕೊನೆಯಲ್ಲಿ, ಬಿಸಿಲು ಮಂಜಿನ ಮೇಲೆ ಕಣ್ಣು ಕುಕ್ಕುವಾಗ, ಇಬ್ಬರೂ ಮತ್ತೆ ಸರೋವರಕ್ಕೆ ಹೋದರು. ಎಬೊನ ಕಾಲಿಗೆ ಒಂದು ಅಳತೆ ದೊಡ್ಡ ಹೊಸ ಬೂಟು, ಉಣ್ಣೆಯ ಚೀಲ. ತೂಲಿ ಕಿಟಕಿಯಲ್ಲಿ ನಿಲ್ಲಲಿಲ್ಲ. ತಾನೂ ಒಂದು ಮಣೆ ಹಿಡಿದು ಹೋಗಿ ಅವರ ಜೊತೆ ಕೂತಳು. ಇಪ್ಪತ್ತು ನಿಮಿಷಕ್ಕೊಮ್ಮೆ ತೌನೊ ಗಾಳದಿಂದ ಕಣ್ಣೆತ್ತದೆ ಕೇಳುತ್ತಿದ್ದರು:

"ಬೆರಳು ಎಷ್ಟಿವೆ?"

"ಒಂಬತ್ತೂವರೆ, ಅಪ್ಪ. ಎಲ್ಲಾ ಮಾತಾಡ್ತಾ ಇವೆ."

ಮೂರನೆಯ ಸಲ ಕೇಳಿದಾಗ ಎಬೊ ಎದ್ದು ನಿಂತ. "ಅಪ್ಪ, ನನಗೆ ಚಳಿ ಆಗ್ತಾ ಇದೆ. ನಾನು ಮನೆಗೆ ಹೊರಟೆ."

"ದೇವರು ದೊಡ್ಡವನು" ಎಂದು ತೌನೊ ಸೊಂಟ ಹಿಡಿದುಕೊಂಡು ಎದ್ದರು. "ನಾನೂ ಅದನ್ನೇ ಕಾಯ್ತಾ ಇದ್ದೆ."

ಚಳಿ ನಾಡಿನಲ್ಲಿ ಕೂತು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಬಿಸಿಲ ನಾಡಿನಿಂದ ಸೊಸೆಯೋ ಅಳಿಯನೋ ಬಂದಿರಬಹುದು. ಬಾಗಿಲ ಪಕ್ಕದ ಹಳೆಯ ಬೂಟು ಕೊಡುವ ಮುನ್ನ ಅವರ ಪಾದದ ಅಳತೆ ಕೇಳಿ. ಹೊರಗಿರುವಾಗ ಆಗಾಗ ಅವರ ಮೂಗು, ಕಿವಿ, ಬೆರಳು ನೋಡಿ. ಕಪ್ಪು ಚರ್ಮದಲ್ಲಿ ಬಿಳುಪಿಗಾಗಿ ಹುಡುಕಬೇಡಿ, ಬೂದಿ ಬಣ್ಣ ಕಂಡರೆ ಎಚ್ಚರಾಗಿ. ಉರಿಯುತ್ತಿದ್ದ ಬೆರಳು ಹೊರಗಿರುವಾಗಲೇ ಇದ್ದಕ್ಕಿದ್ದಂತೆ ಉರಿ ನಿಲ್ಲಿಸಿದರೆ ನಿರಾಳವಾಗಬೇಡಿ, ಆಗಲೇ ಒಳಗೆ ಕರೆತನ್ನಿ. ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ, ಮದ್ಯ ಕುಡಿಸಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಮಾತು ತೊದಲಿದರೆ, ತೂಕಡಿಕೆ ಬಂದರೆ ಕಾಯದೆ ತುರ್ತು ಸಹಾಯ ಕರೆಯಿರಿ.

ಮತ್ತು ಅವರು ಚೆನ್ನಾಗಿದೆ ಎಂದಾಗ, ದಯವಿಟ್ಟು ಇನ್ನೊಮ್ಮೆ ಕೇಳಿ.