ಗುಂಡನ ಅಕ್ಕ

ಏಳನೇ ತರಗತಿಯ ಆ ಹುಡುಗಿಗೆ ಶಾಲೆಯಲ್ಲಿ ಸ್ವಂತ ಹೆಸರೇ ಉಳಿದಿರಲಿಲ್ಲ. ಮೇಷ್ಟ್ರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಅವಳು ‘ಗುಂಡನ ಅಕ್ಕ’. ಗುಂಡ ಎರಡನೇ ತರಗತಿಯಲ್ಲಿದ್ದ. ಅವನಿಗೆ ಬರುತ್ತಿದ್ದದ್ದು ನಾಲ್ಕಾರು ಮಾತು, ಅದೂ ಮನಸ್ಸು ಬಂದಾಗ. ಗದ್ದಲವಾದರೆ ಕಿವಿ ಮುಚ್ಚಿಕೊಂಡು ಕಿರುಚುವನು, ಯಾರಾದರೂ ಮುಟ್ಟಿದರೆ ಕಚ್ಚುವನು. ಅಕ್ಕ ಬಂದು ಬೆನ್ನಿಗೆ ಬೆನ್ನು ತಾಗಿಸಿ ಕೂತರೆ ಮಾತ್ರ ತಣ್ಣಗಾಗುವನು.

ಇಂಥ ಮಕ್ಕಳೂ ಎಲ್ಲರ ಜೊತೆಯಲ್ಲೇ ಓದಬೇಕು ಎಂದು ಹೆಡ್‌ಮಿಸ್ಸು ಪೋಷಕರ ಸಭೆಯಲ್ಲಿ ಹೆಮ್ಮೆಯಿಂದ ಹೇಳಿದ್ದರು. ಅವನಿಗಾಗಿ ತರಬೇತಾದ ಟೀಚರೊಬ್ಬರು ಬರುತ್ತಾರೆ ಎಂದೂ ಹೇಳಿದ್ದರು. ಟೀಚರು ಬರಲಿಲ್ಲ, ಅಕ್ಕನೇ ಗತಿಯಾದಳು. ಪಾಠದ ನಡುವೆ ಜವಾನ ಬಾಗಿಲಲ್ಲಿ ತಲೆಹಾಕಿದರೆ ಸಾಕು, “ಫೈರ್ ಎಂಜಿನ್ ಹೊರಡ್ತು!” ಎಂದು ಹುಡುಗರು ನಗುವರು. ಹೀಗೆ ಎದ್ದೆದ್ದು ಹೋಗಿ ಅವಳ ಗಣಿತ ಮೂರಾಬಟ್ಟೆಯಾಗಿತ್ತು. ಈ ಸಲವೂ ನಪಾಸಾದರೆ ಇದೇ ಬೆಂಚು ಎಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಗಣಿತ ಪರೀಕ್ಷೆಯ ದಿನ ಎರಡನೇ ಲೆಕ್ಕ ಕೈಗೆ ಹತ್ತುತ್ತಿತ್ತು. ಅಷ್ಟರಲ್ಲಿ ಜವಾನ ಬಂದ.

“ಗುಂಡನ ಅಕ್ಕ, ಬಾಮ್ಮ ಬೇಗ.”

ಅವಳು ತಲೆ ಎತ್ತಲಿಲ್ಲ. “ನಾನು ಬರಲ್ಲ.”

“ನಿನ್ನ ತಮ್ಮ ಕಣಮ್ಮ…”

“ಅವನು ಯಾರೋ ನಂಗೊತ್ತಿಲ್ಲ!”

ಯಾರೂ ನಗಲಿಲ್ಲ. ಜವಾನ ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದ. ಕೆಳಗಿನಿಂದ ಕಿರುಚಾಟ ಕೇಳುತ್ತಲೇ ಇತ್ತು. ಅವಳು ಹಲ್ಲುಕಚ್ಚಿ ಬರೆದಳು. ಆಮೇಲೆ ದಡ್ ದಡ್ ಎಂದು ಬಾಗಿಲು ಬಡಿಯುವ ಸದ್ದು. ಆಮೇಲೆ ಅದೂ ನಿಂತಿತು. ಪೆನ್ನು ಎಸೆದು ಓಡಿದಳು.

ಆಟದ ಸಾಮಾನಿನ ಕೋಣೆಗೆ ಚಿಲಕ ಹಾಕಿತ್ತು. ಎರಡನೇ ತರಗತಿಯ ಮಿಸ್ಸು, ಕಚ್ಚಿಸಿಕೊಂಡ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊರಗೆ ನಿಂತು ಅಳುತ್ತಿದ್ದರು. “ನಲವತ್ತು ಮಕ್ಕಳಮ್ಮ, ನಾನೊಬ್ಬಳು ಏನು ಮಾಡ್ಲಿ?” ಅವಳು ಚಿಲಕ ತೆಗೆದರೆ, ಒಳಗೆ ಗುಂಡ ನೆಲದಲ್ಲಿ ಮುದುರಿ ಕೂತಿದ್ದ. ಹಣೆ ಒಡೆದು ರಕ್ತ ಮೂಗಿನವರೆಗೆ ಇಳಿದಿತ್ತು. ಅವಳು ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅವನು ಮೊದಲ ಬಾರಿಗೆ, ಅವಳ ಬೆನ್ನು ತಾಗದಂತೆ ಮುಂದಕ್ಕೆ ಸರಿದುಕೊಂಡ.

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುವ ಅಮ್ಮ ಒದ್ದೆ ಏಪ್ರನ್ನಿನಲ್ಲೇ ಶಾಲೆಗೆ ಓಡಿಬಂದಳು.

“ಟೀಚರು ಸಿಗೋವರೆಗೂ ಮನೇಲೇ ಇಟ್ಕೊಳ್ಳಿ. ನಮ್ಮ ಕೈಲಾಗಲ್ಲ,” ಎಂದರು ಹೆಡ್‌ಮಿಸ್ಸು.

“ಮನೇಲಿ ಯಾರಿದಾರೆ ಮಿಸ್? ಇವರಪ್ಪ ಬಿಟ್ಟುಹೋಗಿ ಯಾವ ಕಾಲವಾಯ್ತು!” ಅಮ್ಮ ಕೈಮುಗಿದಳು. ಆಮೇಲೆ ಅವಳ ಬಾಯಿಂದ ಬಂದದ್ದು ಇದು: “ಇವಳನ್ನೇ ಎರಡನೇ ಕ್ಲಾಸಲ್ಲಿ ಅವನ ಪಕ್ಕ ಕೂರಿಸಿಬಿಡಿ. ಹೇಗೂ ಫೇಲಾಗ್ತಾಳೆ.”

ಹುಡುಗಿ ಅಮ್ಮನನ್ನೇ ನೋಡಿದಳು.

“ಅಮ್ಮ, ನಾನೂ ನಿನ್ನ ಮಗಳೇ ಅಲ್ವಾ?”

ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ಕುಸಿದು ಕೂತಳು. ಹೆಡ್‌ಮಿಸ್ಸು ಕಿಟಕಿಯತ್ತ ಮುಖ ತಿರುಗಿಸಿದರು. ನಾಳೆ ಬಂದು ಪರೀಕ್ಷೆ ಇನ್ನೊಮ್ಮೆ ಬರಿ ಎಂದಷ್ಟೇ ಹೇಳಿದರು. ಗುಂಡನ ಮಾತು ಎತ್ತಲಿಲ್ಲ.

ಮರುದಿನ ಅಮ್ಮ ಅವನನ್ನು ಕೆಲಸಕ್ಕೆ ಕರೆದೊಯ್ದಳು. ಹಬೆಯೇಳುವ ಯಂತ್ರಗಳ ಪಕ್ಕ, ಹಾಸಿಗೆ ಹೊದಿಕೆಗಳ ರಾಶಿಯ ಹಿಂದೆ ಅವನನ್ನು ಕೂರಿಸಿದಳು. ಮೇಸ್ತ್ರಿ ನೋಡಿ, “ಶನಿವಾರದವರೆಗೆ ಮಾತ್ರ. ಆಮೇಲೆ ನನ್ನ ಅನ್ನಕ್ಕೆ ಕಲ್ಲು ಹಾಕಬೇಡ,” ಎಂದ. ಇತ್ತ ಶಾಲೆಯಲ್ಲಿ ಹುಡುಗಿ ಎಲ್ಲ ಲೆಕ್ಕ ಬಿಡಿಸಿದಳು. ಯಾರೂ ಬಂದು ಕರೆಯಲಿಲ್ಲ. ಆದರೂ ಗಳಿಗೆಗೊಮ್ಮೆ ಬಾಗಿಲ ಕಡೆ ನೋಡುವುದು ತಪ್ಪಲಿಲ್ಲ.

ಸಂಜೆ ಅಮ್ಮ ಗುಂಡನ ಹಣೆಯ ಪಟ್ಟಿ ಬದಲಿಸುತ್ತ ಕೇಳಿದಳು: “ಹೇಗೆ ಬರೆದೆ?”

“ಚೆನ್ನಾಗಿ.”

“ಪಾಸಾಗು ತಾಯಿ,” ಎಂದಳು ಅಮ್ಮ. ಪಟ್ಟಿಗೆ ಗಂಟು ಹಾಕಿ, “ಸೋಮವಾರಕ್ಕೆ ಏನಾದ್ರೂ ಮಾಡೋಣ,” ಎಂದಳು. ಏನು ಮಾಡುವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.