ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಮಾರ್ಲಿಸ್

ಮಾರ್ಲಿಸ್ ಟೀಡೆಮನ್ ಜಾದೂ ಪೆಟ್ಟಿಗೆಯೊಳಗೆ ಮೈ ಮಡಿಚಿಕೊಂಡು ಕೂರಲು ಶುರುಮಾಡಿದಾಗ ಅವಳಿಗೂ ಜಾದೂಗಾರ ರಾಯ್ಸ್‌ಗೂ ಇನ್ನೂ ಮದುವೆಯಾಗಿರಲಿಲ್ಲ. ಆಗ ಅವಳ ಮೈ ಹೇಳಿದ ಹಾಗೆ ಬಳುಕುತ್ತಿತ್ತು. ಈಗ ಮೊಮ್ಮಗಳು ಹೈಸ್ಕೂಲು ಮುಗಿಸುತ್ತಿದ್ದಳು, ಅಜ್ಜಿಯ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿತ್ತು. ಪೆಟ್ಟಿಗೆ ಮಾತ್ರ ಹಳೆಯ ಅಳತೆಯಲ್ಲೇ ಇತ್ತು.

ರಾಯ್ಸ್‌ನದು ನಗಿಸುವ ಜಾದೂ. ಮಿಷಿಗನ್, ಇಂಡಿಯಾನಾ ಕಡೆಯ ಸಣ್ಣ ಊರುಗಳ ಲೈಬ್ರರಿ, ಶಾಲೆ, ಚರ್ಚಿನ ಊಟದ ಹಾಲ್‌ಗಳಲ್ಲಿ ಅವರ ಆಟ. ಯಾವುದಾದರೂ ಮಗುವನ್ನು ವೇದಿಕೆಗೆ ಕರೆದು ಕೈಗೆ ಮಂತ್ರದಂಡ ಕೊಡುತ್ತಿದ್ದ. ಮಗು ಹಿಡಿದ ಕೂಡಲೇ ದಂಡ ತುಂಡುತುಂಡಾಗಿ ಜೋತುಬೀಳುತ್ತಿತ್ತು. ಟೋಪಿಯಿಂದ ಮೊಲ ಬರುವ ಬದಲು ರಬ್ಬರ್ ಕೋಳಿ ಬರುತ್ತಿತ್ತು. ಕಡಲೆಬೀಜದ ಡಬ್ಬಿ ತೆರೆದರೆ ಸ್ಪ್ರಿಂಗ್ ಹಾವು ಹಾರುತ್ತಿತ್ತು. ಎಲ್ಲಿ ನಗು ಬರಬೇಕೆಂಬುದು ಮಾರ್ಲಿಸ್‌ಗೆ ಗಂಡ ಉಸಿರು ತೆಗೆದುಕೊಳ್ಳುವುದರಲ್ಲೇ ತಿಳಿಯುತ್ತಿತ್ತು. ಈಚೆಗೆ ಆ ಜಾಗಗಳಲ್ಲಿ ನಗು ಬರುತ್ತಿರಲಿಲ್ಲ, ಕೆಮ್ಮು ಬರುತ್ತಿತ್ತು. ಅವಳು ಕೂತ ಪೆಟ್ಟಿಗೆಗೆ ಕತ್ತಿ ತೂರಿಸುವ ಕೊನೆಯ ಆಟ ಒಂದೇ ಜನರನ್ನು ಕುರ್ಚಿಯಲ್ಲಿ ಹಿಡಿದು ಕೂರಿಸುತ್ತಿತ್ತು. ಅವಳು ಮೊಣಕಾಲಿನ ಮಾತು ತೆಗೆದಾಗಲೆಲ್ಲ ರಾಯ್ಸ್, ಅದೊಂದು ಇಲ್ಲದಿದ್ದರೆ ನಾವಿಬ್ಬರೂ ಕೋಳಿ ಹಿಡಿದುಕೊಂಡ ಮುದುಕ ಮುದುಕಿ ಅಷ್ಟೇ ಎಂದು ಮಾತು ಮುಗಿಸಿಬಿಡುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಮಾಜಿ ಸೈನಿಕರ ಹಾಲ್‌ನಲ್ಲಿ ಊರಿನ ಅಗ್ನಿಶಾಮಕ ದಳದವರ ಮನೆಮಂದಿಗೆಲ್ಲ ಊಟವಿತ್ತು. ಹಂದಿಮಾಂಸ, ಹುರುಳಿಕಾಯಿ, ಹಣ್ಣು ತುಂಬಿ ಬೇಯಿಸಿದ ಬಗೆಬಗೆಯ ಪೈ ತಿಂದು ಜನ ತೂಕಡಿಸುತ್ತಿದ್ದರು. ಮಂತ್ರದಂಡ ಮುರಿದಾಗ ಯಾರೋ ಒಬ್ಬರು ದಾಕ್ಷಿಣ್ಯಕ್ಕೆ ನಕ್ಕರು. ರಾಯ್ಸ್ ಬೇಗಬೇಗ ಮುಗಿಸಿ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದ.

ಮಾರ್ಲಿಸ್ ಕೈಬೀಸಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ತಳದ ಹಲಗೆಯ ಕೆಳಗೊಂದು ಕಳ್ಳ ಜಾಗವಿದೆ. ಮೊದಲು ಸೊಂಟ ಇಳಿಸಬೇಕು, ಆಮೇಲೆ ಮೊಣಕಾಲನ್ನು ಗಲ್ಲಕ್ಕೆ ತರಬೇಕು, ಕೊನೆಗೆ ತಲೆ ಬಗ್ಗಿಸಬೇಕು. ಅಂದು ಮೊಣಕಾಲು ಎಳೆದುಕೊಂಡಾಗ ಸೊಂಟದಲ್ಲಿ ಏನೋ ಚಳಕ್ಕೆಂದು ಹಿಡಿದುಕೊಂಡಿತು. ಮೇಲೆ ಕತ್ತಿಗಳು ಒಂದೊಂದಾಗಿ ತೂರಿದವು. ರಾಯ್ಸ್ ಬಾಗಿಲು ತೆರೆದು ಖಾಲಿ ಪೆಟ್ಟಿಗೆ ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ಕತ್ತಿಗಳನ್ನು ಕಿತ್ತು, ಬಾಗಿಲು ಮುಚ್ಚಿ ಮತ್ತೆ ತೆರೆದಾಗ ಅವಳು ಕೆಂಪು ಉಡುಪಿನಲ್ಲಿ ನಿಂತಿರಬೇಕಿತ್ತು. ಪೆಟ್ಟಿಗೆ ಖಾಲಿಯೇ ಇತ್ತು.

"ಇವಳು ಪೈ ತಿನ್ನೋದು ಇನ್ನೂ ಮುಗಿದಿಲ್ಲ ಅನ್ಸುತ್ತೆ," ಎಂದ ರಾಯ್ಸ್. ಜನ ನಕ್ಕರು. ಮತ್ತೆ ಮುಚ್ಚಿ ತೆರೆದ. ಮತ್ತೆ ಖಾಲಿ. ಅವನು ಬಗ್ಗಿ ತಳವನ್ನು ತಟ್ಟಿದ.

"ಏಳಕ್ಕಾಗ್ತಿಲ್ಲ ರಾಯ್ಸ್. ಸೊಂಟ ಹಿಡ್ಕೊಂಡಿದೆ," ಎಂದಳು ಅವಳು, ಅವನಿಗೆ ಮಾತ್ರ ಕೇಳುವಂತೆ.

ಅವನು ಜನರ ಕಡೆ ತಿರುಗಿ, ಹೆಂಡತಿಗೆ ಸಿಟ್ಟು ಬಂದಿದೆ, ಮನೆಯಲ್ಲೂ ಹೀಗೇ ಎಂದ. ಹಾಲ್ ಬಿದ್ದುಬಿದ್ದು ನಕ್ಕಿತು. ಕತ್ತಲಲ್ಲಿ ಮುದುಡಿಕೊಂಡಿದ್ದ ಮಾರ್ಲಿಸ್‌ಗೆ ಆ ನಗು ಹಲಗೆಯ ಮೂಲಕ ಬೆನ್ನಿಗೆ ತಾಗಿತು. ಅಂಥ ನಗು ಕೇಳಿ ಬಹಳ ಕಾಲವಾಗಿತ್ತು. ಗಂಡನ ದನಿಯಲ್ಲಿ ಮೊದಲು ಹೆದರಿಕೆ ಇದ್ದದ್ದು ಅವಳಿಗೆ ಗೊತ್ತಾಯಿತು. ಆಮೇಲೆ ಅದು ಕರಗಿದ್ದೂ ಗೊತ್ತಾಯಿತು. ಅವನು ಪೆಟ್ಟಿಗೆಯ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ, ರಬ್ಬರ್ ಕೋಳಿಯನ್ನು ಒಳಗೆ ಸಂಧಾನಕ್ಕೆ ಕಳಿಸಿದ. ಅವನಿಗೆ ರುಚಿ ಹತ್ತಿತ್ತು. ಅವಳ ಕಾಲು ಮರಗಟ್ಟುತ್ತಿತ್ತು.

ಕೊನೆಗೆ ಅವಳು ನರಳಿದಳು. ಆಗ ಅವನು ಮಾತು ನಿಲ್ಲಿಸಿ ಎಲ್ಲರೆದುರಿಗೇ ತಳದ ಹಲಗೆ ಕಿತ್ತ. ಸ್ವಂತ ತಮ್ಮನಿಗೂ ತೋರಿಸದ ಗುಟ್ಟು ಅದು. ಮುಂದಿನ ಸಾಲಿನಿಂದ ಅಗ್ನಿಶಾಮಕದ ಇಬ್ಬರು ಎದ್ದು ಬಂದು, ಕುರ್ಚಿಯ ಹಾಗೆ ಮಡಿಚಿಕೊಂಡೇ ಇದ್ದ ಅವಳನ್ನು ಎತ್ತಿ ಹೊರಗಿಟ್ಟರು. ಎಲ್ಲ ಮೊದಲೇ ಹೊಂದಿಸಿದ ಆಟವೆಂದುಕೊಂಡು ಜನ ಎದ್ದುನಿಂತು ಚಪ್ಪಾಳೆ ಹೊಡೆದರು. ಅಭ್ಯಾಸಬಲದಿಂದ ಮಾರ್ಲಿಸ್ ಒಂದು ಕೈ ಎತ್ತಿದಳು.

ಮರುದಿನ ಬೆಳಿಗ್ಗೆ ರಾಯ್ಸ್ ರಾತ್ರಿ ತಂಗಿದ್ದ ಮೋಟೆಲ್ ಕೋಣೆಗೆ ಕಾಫಿ, ಡೋನಟ್ ತಂದ. ಸೊಂಟಕ್ಕೆ ಹೊಸದಾಗಿ ಐಸ್ ಇಟ್ಟ. ಅವನ ಮುಖದಲ್ಲಿ ಹುರುಪಿತ್ತು. ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ, ನಿನ್ನೆಯದನ್ನು ಆಟಕ್ಕೆ ಸೇರಿಸಿಕೊಂಡರೆ ಹೇಗೆ ಎಂದು ಕೇಳಿದ. ನಿಜವಾಗಿ ಸಿಕ್ಕಿಕೊಳ್ಳುವುದು ಬೇಡ, ಸಿಕ್ಕಿಕೊಂಡ ಹಾಗೆ ನಟಿಸಿದರೆ ಸಾಕು ಎಂದ.

"ಅದಕ್ಕೂ ಒಳಗೆ ಹೋಗ್ಬೇಕಲ್ಲ?" ಎಂದಳು ಮಾರ್ಲಿಸ್.

ಅವನು ಡೋನಟ್ ಕೆಳಗಿಟ್ಟ.

"ನಾನು ಏಳಕ್ಕಾಗ್ತಿಲ್ಲ ಅಂದ ಮೇಲೂ ಜೋಕು ಹೇಳ್ತಾನೇ ಇದ್ದೆಯಲ್ಲ."

"ಜನ ಗಾಬರಿ ಆಗ್ಬಾರ್ದು ಅಂತ ಕಣೇ."

"ಮೊದಲ್ನೇದು ಅದಕ್ಕೇ. ಆಮೇಲಿನವು?"

ಅವಳಿಗೆ ಜಗಳವಾಡುವಷ್ಟು ತ್ರಾಣವಿರಲಿಲ್ಲ. ಉಪ್ಪು ಕೊಡು ಎಂದು ಕೇಳುವ ದನಿಯಲ್ಲಿ, "ನೀನೊಂದ್ಸಲ ಒಳಗೆ ಹೋಗಿ ಕೂತ್ಕೋ," ಎಂದಳು.

ಅವನು ನಕ್ಕ. ಅವಳು ನಗದಿದ್ದುದನ್ನು ನೋಡಿ ಎದ್ದ. ಮೋಟೆಲ್ ಅಂಗಳದಲ್ಲಿ ವ್ಯಾನಿನ ಹಿಂಬಾಗಿಲು ತೆಗೆದು ಪೆಟ್ಟಿಗೆಗೆ ಇಳಿದ. ಉದ್ದನೆಯ ಮನುಷ್ಯ. ಒಂದು ಕಾಲು ಹೋದರೆ ಭುಜ ಹೋಗದು, ಭುಜ ಹೋದರೆ ತಲೆ ಹೊರಗೇ ಉಳಿಯುವುದು. ಮಾರ್ಲಿಸ್ ಹಲಗೆಯನ್ನು ಆದಷ್ಟು ಎಳೆದು ಮುಚ್ಚಿ, ವ್ಯಾನಿನ ಅಂಚಿನಲ್ಲಿ ಒರಗಿ ಕೂತು ಕಾಫಿ ಕುಡಿದಳು. ನಾಯಿ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಗುಡ್ ಮಾರ್ನಿಂಗ್ ಹೇಳಿದಳು. ಒಳಗಿನಿಂದ ರಾಯ್ಸ್ ಏನೋ ತಮಾಷೆ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಉಸಿರು ಮಾತ್ರ ಕೇಳುತ್ತಿತ್ತು. ಅವಳು ಹಲಗೆ ಸರಿಸಿದಳು.

ಅವನು ಎದ್ದು ಕೂರಲು ಬಹಳ ಹೊತ್ತು ಹಿಡಿಯಿತು. ಕುತ್ತಿಗೆಯಲ್ಲಿ ಮರದ ಅಂಚು ಒತ್ತಿದ ಕೆಂಪು ಗುರುತಿತ್ತು.

"ಯಾಕೆ ಮಾರ್ಲಿಸ್, ಇಷ್ಟು ಕಷ್ಟ ಅಂತ ನೀನು ಹೇಳ್ಲೇ ಇಲ್ಲ?"

"ಹೇಳಿದ್ದೆ," ಎಂದಳು ಅವಳು.

ಆ ಮಧ್ಯಾಹ್ನ ಇಂಡಿಯಾನಾದ ಲೈಬ್ರರಿಯೊಂದರಲ್ಲಿ ಆಟವಿತ್ತು. ರಾಯ್ಸ್ ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಲಿಲ್ಲ. ಮಾರ್ಲಿಸ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ದಂಡ, ಟೋಪಿ, ಕೋಳಿ ಎಂದು ಒಂದೊಂದೇ ಎತ್ತಿಕೊಟ್ಟಳು. ಪೋಸ್ಟರಿನಲ್ಲಿರುವ ಕತ್ತಿ ಎಲ್ಲಿ ಎಂದು ಒಂದು ಹುಡುಗಿ ಕೇಳಿದಳು. ಪೆಟ್ಟಿಗೆಗೆ ವಯಸ್ಸಾಯಿತು ಎಂದ ರಾಯ್ಸ್. ಯಾರೂ ನಗಲಿಲ್ಲ. ಆಟ ಬೇಗ ಮುಗಿಯಿತು. ಲೈಬ್ರರಿಯಾಕೆ ಒಳ್ಳೆಯ ಮಾತಾಡಿದಳು, ಮುಂದಿನ ವರ್ಷವೂ ಬನ್ನಿ ಎಂದು ಮಾತ್ರ ಹೇಳಲಿಲ್ಲ.

ದಾರಿಬದಿಯ ಊಟದಂಗಡಿಯಲ್ಲಿ ಇಬ್ಬರೂ ಸೂಪ್ ತರಿಸಿಕೊಂಡರು. ರಾಯ್ಸ್ ಚಮಚ ಆಡಿಸುತ್ತ ಕೂತಿದ್ದ.

"ಅಂಥ ನಗು ಇನ್ನು ಸಿಗಲ್ಲ," ಎಂದ.

"ಸಿಗಲ್ಲ."

"ಇನ್ನು ಆಟದ ಕೊನೆಗೆ ಏನು ಮಾಡೋದು?"

ಅವಳಿಗೆ ಅವನ ಮುಖ ನೋಡಿ ಪಾಪ ಅನ್ನಿಸಿತು. ಆದರೆ ಆ ಕನಿಕರಕ್ಕೂ ಎದ್ದು ನಿಂತು ಏನಾದರೂ ಮಾಡುವ ಶಕ್ತಿ ಇರಲಿಲ್ಲ. ನಾಳೆ ಯೋಚಿಸೋಣ ಎಂದು ಬೆಂಚಿಗೆ ಒರಗಿ ಕಣ್ಣು ಮುಚ್ಚಿದಳು. ರಾಯ್ಸ್ ತನ್ನ ಕೋಟು ಮಡಿಚಿ ಅವಳ ಸೊಂಟದ ಹಿಂದೆ ಇಟ್ಟ. ತಟ್ಟೆ ತೆಗೆಯಲು ಬಂದವಳಿಗೆ ಸ್ವಲ್ಪ ಹೊತ್ತು ಬಿಡಮ್ಮ ಎಂದು ಮೆಲ್ಲಗೆ ಹೇಳಿ, ತಣ್ಣಗಾಗುತ್ತಿದ್ದ ಎರಡು ಬಟ್ಟಲುಗಳ ಮುಂದೆ ಅವಳು ಏಳುವವರೆಗೆ ಕಾದು ಕೂತ.